ಟ್ರಾನ್ಸಮ್ ಕೊಳೆತಿದೆ: ಒಳಗಿನಿಂದ ಬಿಚ್ಚೋದಾ, ಹೊರಗಿನಿಂದಲಾ, ಮೇಲಿನಿಂದಲಾ?

ನನ್ನ 14 ಅಡಿ ಫೈಬರ್ ದೋಣಿಯ ಹಿಂಬದಿಗೆ ಹಿಂದಿನ ಮಾಲೀಕರು ಎರಡು ಸ್ಕ್ರೂ ಹೊಡೆದಿದ್ದರು. ನೀರಿನ ಆಳ ತೋರಿಸುವ ಸೆನ್ಸರ್ ಕೂರಿಸೋಕೆ. ಒಂದು ದಿನ ಅದರಲ್ಲೊಂದನ್ನು ಬಿಚ್ಚಲು ಹೋದೆ. ಸ್ಕ್ರೂಡ್ರೈವರ್ ಬೇಕಾಗಲೇ ಇಲ್ಲ, ಬೆರಳಲ್ಲಿ ಎಳೆದರೆ ಬಂತು. ಅದರ ಹಿಂದೆಯೇ ಕಂದು ನೀರು ತೊಟ್ಟಿಕ್ಕಲು ಶುರುವಾಯಿತು. ಮಾರನೇ ದಿನ ಬೆಳಗ್ಗೆ ನೋಡಿದರೂ ತೊಟ್ಟಿಕ್ಕುತ್ತಲೇ ಇತ್ತು.

ಟ್ರಾನ್ಸಮ್ ಅಂದರೆ ದೋಣಿಯ ಹಿಂಗೋಡೆ. ಔಟ್‌ಬೋರ್ಡ್ ಎಂಜಿನ್ ನೇತಾಡುವುದು ಅದರ ಮೇಲೇ. ನೋಡೋಕೆ ಗಟ್ಟಿ ಫೈಬರ್ ಥರ ಕಾಣುತ್ತದೆ, ಆದರೆ ಹಳೆಯ ದೋಣಿಗಳಲ್ಲಿ ಹೆಚ್ಚಿನವು ಮೂರು ಪದರದವು: ಹೊರಗೊಂದು ಫೈಬರ್ ಚಿಪ್ಪು, ಒಳಗೊಂದು ಚಿಪ್ಪು, ನಡುವೆ ಪ್ಲೈವುಡ್ ತಿರುಳು. ತಿರುಳು ಸಾಮಾನ್ಯವಾಗಿ ಒಂದೂವರೆ ಇಂಚು, ಅಂದರೆ 38 ಮಿಲಿಮೀಟರ್ ದಪ್ಪ. ನೀರು ಒಳಗೆ ಹೋದರೆ ಹೊರಗೆ ಬರೋಕೆ ದಾರಿ ಇಲ್ಲ. ಮರ ಅಲ್ಲೇ ನೆನೆದು ಲಡ್ಡಾಗುತ್ತದೆ.

ಈ ಕೆಲಸಕ್ಕೆ ಇಳಿಯುವವರೆಲ್ಲ ಮೊದಲು ಕೇಳೋದು ಒಂದೇ ಪ್ರಶ್ನೆ: ಮತ್ತೆ ಪ್ಲೈವುಡ್ ಹಾಕಲಾ, ಅಥವಾ ಕೊಳೆಯದ ಹೊಸ ಬೋರ್ಡ್ ಹಾಕಲಾ? ನಾನೂ ಅಲ್ಲಿಂದಲೇ ಶುರು ಮಾಡಿದೆ, ಒಂದು ತಿಂಗಳು ಅದರಲ್ಲೇ ಕಳೆದೆ. ಈಗ ಕೇಳಿದರೆ ಅದು ಎರಡನೇ ಪ್ರಶ್ನೆ ಅಂತೀನಿ. ಮೊದಲ ಪ್ರಶ್ನೆ, ಯಾವ ಕಡೆಯಿಂದ ಒಳಗೆ ಹೋಗೋದು? ಅದನ್ನು ತೀರ್ಮಾನಿಸೋದು ನಿಮ್ಮ ದೋಣಿಯ ಎರಡು ಚಿಪ್ಪುಗಳ ಸ್ಥಿತಿ. ದಾರಿ ಗೊತ್ತಾದರೆ ಸಾಮಾನಿನ ಪಟ್ಟಿ ಅರ್ಧ ತಾನೇ ಸಿದ್ಧವಾಗುತ್ತದೆ.

ಬಿಚ್ಚುವ ಮೊದಲು

ದೋಣಿ ಟ್ರೈಲರ್ ಮೇಲಿರುವಾಗಲೇ ಎಂಜಿನ್‌ನ ಕೆಳಗಿನ ಕಾಲು ಹಿಡಿದು ಮೇಲೆ ಕೆಳಗೆ ಒತ್ತಿ. ಇನ್ನೊಬ್ಬರು ಟ್ರಾನ್ಸಮ್‌ನ ಮೇಲಂಚನ್ನೇ ನೋಡುತ್ತಿರಲಿ. ಅಂಚು ಹಿಂದೆ ಮುಂದೆ ಬಾಗಿದರೆ ಕಥೆ ಗೊತ್ತಾಯಿತು. ಆಮೇಲೆ ಪ್ಲಾಸ್ಟಿಕ್ ಸುತ್ತಿಗೆಯ ಹಿಡಿಯಿಂದ ಅಂಗೈ ಅಗಲದ ಅಂತರದಲ್ಲಿ ತಟ್ಟುತ್ತಾ ಹೋಗಿ. ಗಟ್ಟಿ ಜಾಗದಲ್ಲಿ ಟಣ್ ಅನ್ನುತ್ತದೆ, ಕೊಳೆತ ಕಡೆ ಡಬ್ ಅನ್ನುತ್ತದೆ. ಎರಡೂ ಅನುಮಾನ ಉಳಿಸಿದರೆ ಒಳಬದಿಯಿಂದ 6 ಮಿಲಿಮೀಟರ್ ಡ್ರಿಲ್ ಬಿಟ್‌ನಲ್ಲಿ ತೂತು ಹಾಕಿ ನೋಡಿ. ಹೊರ ಚಿಪ್ಪಿಗೆ ತಾಗದಂತೆ ಬಿಟ್‌ಗೆ ಟೇಪ್ ಸುತ್ತಿ ಆಳದ ಗುರುತು ಮಾಡಿಕೊಳ್ಳಿ. ಒಣ ಬಿಳಿ ಪುಡಿ ಬಂದರೆ ಮರ ಚೆನ್ನಾಗಿದೆ. ಕಪ್ಪು ಒದ್ದೆ ನಾರು ಬಿಟ್‌ಗೆ ಸುತ್ತಿಕೊಂಡು ಬಂದರೆ ಇಲ್ಲ. ತಳದ ಮೂಲೆಗಳನ್ನೂ ನೀರು ಬಿಡುವ ಬಿರಡೆಯ ಸುತ್ತಲನ್ನೂ ಬಿಡಬೇಡಿ. ಮೇಲೆ ಗಟ್ಟಿಯಿದ್ದು ಕೆಳಗೆ ಗೊಬ್ಬರವಾಗಿರುವ ಟ್ರಾನ್ಸಮ್‌ಗಳು ಬೇಕಾದಷ್ಟಿವೆ.

ಇಲ್ಲಿ ಎರಡು ಶಾರ್ಟ್‌ಕಟ್‌ಗಳ ಬಗ್ಗೆ ಹೇಳಿಬಿಡುತ್ತೇನೆ. ಒಂದು, ತೂತು ಕೊರೆದು ನೀರಿನಂಥ ತೆಳು ಎಪಾಕ್ಸಿ (ಎರಡು ದ್ರವ ಬೆರೆಸಿದರೆ ಗಟ್ಟಿಯಾಗುವ ಅಂಟು) ಒಳಗೆ ಬಿಡೋದು. ಒದ್ದೆ ಮರ ಎಪಾಕ್ಸಿಯನ್ನು ಕುಡಿಯೋದಿಲ್ಲ, ಮುಚ್ಚಿದ ಚಿಪ್ಪಿನೊಳಗಿನ ಮರ ಒಣಗೋದೂ ಇಲ್ಲ. ಅಂಗೈಯಷ್ಟು ಜಾಗ ಮಾತ್ರ ಕೆಟ್ಟಿದ್ದು, ಅದನ್ನು ತೆರೆದು ಒಣಗಿಸಲು ಸಾಧ್ಯವಾದರೆ ಸರಿ. ಇಡೀ ಗೋಡೆಗೆ ಅದು ಸುಮ್ನೆ ದುಡ್ಡು ದಂಡ. ಇನ್ನೊಂದು, ಒಳಗೂ ಹೊರಗೂ ಅಲ್ಯೂಮಿನಿಯಂ ಪ್ಲೇಟ್ ಇಟ್ಟು ಬೋಲ್ಟ್ ಬಿಗಿಯೋದು. ಬಿಗಿದಷ್ಟೂ ಕೊಳೆತ ತಿರುಳು ಒಳಗೆ ಹಿಸುಕಿಹೋಗುತ್ತದೆ, ಬೋಲ್ಟ್ ಮತ್ತೆ ಸಡಿಲ. ಓಡುವಾಗ ಎಂಜಿನ್ ಟ್ರಾನ್ಸಮ್‌ನ ಮೇಲ್ಭಾಗವನ್ನು ಹಿಂದಕ್ಕೆ ಎಳೆಯುತ್ತದೆ, ಕೆಳಭಾಗವನ್ನು ಮುಂದಕ್ಕೆ ತಳ್ಳುತ್ತದೆ. ಆ ಎಳೆದಾಟ ತಡೆಯೋಕೆ ನಡುವೆ ಗಟ್ಟಿ ತಿರುಳೇ ಬೇಕು.

ಮೂರು ದಾರಿ

ಹೊರಗಿನಿಂದ ಹೋಗುವವರು ಹೊರ ಚಿಪ್ಪನ್ನು ಕಿಟಕಿಯಂತೆ ಕತ್ತರಿಸಿ ತೆಗೆಯುತ್ತಾರೆ. ಸುತ್ತ ಎರಡು ಮೂರು ಇಂಚು ಅಂಚು ಬಿಡುತ್ತಾರೆ. ಕೊಳೆತದ್ದನ್ನು ಕೆರೆದು, ಹೊಸ ತಿರುಳು ಅಂಟಿಸಿ, ಕತ್ತರಿಸಿದ ಚಿಪ್ಪನ್ನೇ ವಾಪಸ್ ಕೂರಿಸುತ್ತಾರೆ. ದೊಡ್ಡ ಲಾಭ ಏನಂದರೆ ದೋಣಿಯ ಮೇಲ್ಮುಚ್ಚಳ, ಸೀಟು, ನೆಲ ಯಾವುದನ್ನೂ ಮುಟ್ಟಬೇಕಾಗಿಲ್ಲ. ನಿಂತುಕೊಂಡು, ಗಾಳಿಯಲ್ಲಿ, ಬೆಳಕಿನಲ್ಲಿ ಕೆಲಸ ಮಾಡಬಹುದು.

ಕಷ್ಟ ಬರೋದು ಮುಚ್ಚುವಾಗ. ಕತ್ತರಿಸಿದ ಗೆರೆಯ ಎರಡೂ ಕಡೆ ಫೈಬರನ್ನು ಇಳಿಜಾರಾಗಿ ಉಜ್ಜಬೇಕು, ದಪ್ಪದ 12 ಪಟ್ಟು ಅಗಲಕ್ಕೆ. ಚಿಪ್ಪು 5 ಮಿಲಿಮೀಟರ್ ಇದ್ದರೆ ಒಂದೊಂದು ಕಡೆ 60 ಮಿಲಿಮೀಟರ್. ಬಿಟ್ಟ ಅಂಚೆಲ್ಲ ಅದಕ್ಕೇ ಹೋಯಿತು ಅನ್ನಿ. ಇಳಿಜಾರಿನ ಮೇಲೆ ಗಾಜಿನ ನಾರಿನ ಹೊಸ ಬಟ್ಟೆಯ ಪದರಗಳನ್ನು ಕೂರಿಸಿ, ಮಟ್ಟ ಮಾಡಿ, ಮರಳು ಕಾಗದ ಉಜ್ಜಿ, ಬಣ್ಣ ಹೊಡೆಯಬೇಕು. ಇನ್ನೊಂದು ವಿಷಯ ಯಾರೂ ಮೊದಲೇ ಹೇಳೋದಿಲ್ಲ. ತಿರುಳು ಕಿಟಕಿಗಿಂತ ದೊಡ್ಡದು. ಸುತ್ತ ಅಂಚಿದೆ, ಅದರ ಹಿಂದಕ್ಕೆ ಇಡೀ ಹಲಗೆ ಹೋಗೋದಿಲ್ಲ. ಹಲಗೆಯನ್ನು ತುಂಡು ಮಾಡಿ ತೂರಿಸಬೇಕು. ಆಗ ಎರಡು ಪದರಗಳ ಜೋಡಣೆ ಒಂದೇ ಗೆರೆಯಲ್ಲಿ ಬಾರದಂತೆ ನೋಡಿಕೊಳ್ಳಬೇಕು.

ಒಳಗಿನಿಂದ ಹೋಗೋದು ನಾನು ಆರಿಸಿಕೊಂಡ ದಾರಿ. ಹೊರ ಚಿಪ್ಪು ಹಾಗೇ ಉಳಿಯುತ್ತದೆ, ಅದೇ ಅಚ್ಚು. ಹೊರಗಿನ ಹೊಳಪಿಗೆ ಏನೂ ಆಗೋದಿಲ್ಲ. ಅದಕ್ಕಿಂತ ಮುಖ್ಯ ಏನಂದರೆ, ಹೊಸ ತಿರುಳನ್ನು ತಳಕ್ಕೂ ಪಕ್ಕಗಳಿಗೂ ಫೈಬರ್ ಪಟ್ಟಿಯಲ್ಲಿ ಕಟ್ಟಿಹಾಕಬಹುದು. ಪದರದಿಂದ ಪದರಕ್ಕೆ ಸ್ವಲ್ಪ ಸ್ವಲ್ಪ ಮುಂದೆ ಚಾಚಿ, ಕೊನೆಯ ಪದರ ದೋಣಿಯ ತಳದ ಮೇಲೆ 15 ಸೆಂಟಿಮೀಟರ್‌ವರೆಗೂ ಹರಡಿಕೊಳ್ಳುತ್ತದೆ. ಎಂಜಿನ್‌ನ ಭಾರ ಹೀಗೆ ಇಡೀ ದೋಣಿಗೆ ಹಂಚಿಹೋಗುತ್ತದೆ. ತಳದ ಉದ್ದಕ್ಕೂ ಓಡುವ ಮರದ ತೊಲೆಗಳ ತುದಿಯೂ ಕಣ್ಣಿಗೆ ಬೀಳುತ್ತದೆ. ಟ್ರಾನ್ಸಮ್ ಕೊಳೆತ ದೋಣಿಯಲ್ಲಿ ಆ ತುದಿಗಳು ಚೆನ್ನಾಗಿರೋದು ಅಪರೂಪ. ನನ್ನದರಲ್ಲಿ ಒಂದು ತೊಲೆ ಅಂಗೈ ಉದ್ದಕ್ಕೆ ಮೆತ್ತಗಾಗಿತ್ತು. ಹೊರಗಿನಿಂದ ಮಾಡಿದ್ದರೆ ಅದು ನನಗೆ ಗೊತ್ತೇ ಆಗುತ್ತಿರಲಿಲ್ಲ.

ಆದರೆ ಒಳಗಿನ ಕೆಲಸ ಒಂದು ಶಿಕ್ಷೆ. ಎಂಜಿನ್ ಮುಂದಿನ ತೊಟ್ಟಿ, ಮೇಲ್ಮುಚ್ಚಳದ ಹಿಂಭಾಗ, ನೆಲದ ಒಂದು ತುಂಡು ಇಷ್ಟೂ ಬಿಚ್ಚಬೇಕು. ಮಂಡಿಯೂರಿ, ತಲೆ ತಗ್ಗಿಸಿ, ಗ್ರೈಂಡರ್ ಹಿಡಿದು ಕೂತರೆ ಫೈಬರ್ ಧೂಳು ಎಲ್ಲಿಗೂ ಹೋಗೋದಿಲ್ಲ, ನಿಮ್ಮ ಮೇಲೇ ಬರುತ್ತದೆ. ಸಾದಾ ಬಟ್ಟೆ ಮಾಸ್ಕ್ ಸಾಲದು, ಸೂಕ್ಷ್ಮ ಧೂಳಿನ ಫಿಲ್ಟರ್ ಇರುವ ರಬ್ಬರ್ ಮಾಸ್ಕ್ ಬೇಕು. ತೋಳಿನ ತುದಿಗೆ ಗ್ಲೌಸ್ ಸೇರಿಸಿ ಟೇಪ್ ಸುತ್ತಿಕೊಳ್ಳಿ. ಮೊದಲ ದಿನ ನಾನು ಸುತ್ತಿಕೊಳ್ಳಲಿಲ್ಲ. ರಾತ್ರಿಯೆಲ್ಲ ಮೊಣಕೈ ತುರಿಸಿದ್ದು ಇನ್ನೂ ನೆನಪಿದೆ.

ಮೂರನೆಯದು ಮೇಲಿನಿಂದ. ಮೇಲಂಚಿನ ಪಟ್ಟಿ ಮಾತ್ರ ಕತ್ತರಿಸಿ, ಉದ್ದ ಬ್ಲೇಡಿನ ಚೈನ್‌ಸಾ ಇಳಿಸಿ, ಎರಡು ಚಿಪ್ಪಿನ ನಡುವಿನ ಮರವನ್ನೆಲ್ಲ ಕೊರೆದು ತೆಗೆಯೋದು. ಆ ಖಾಲಿ ಜಾಗಕ್ಕೆ ಗಟ್ಟಿಯಾಗುವ ದ್ರವ ಸುರಿಯೋದು. ಕೇಳೋಕೆ ಇದಕ್ಕಿಂತ ಸುಲಭ ಯಾವುದೂ ಇಲ್ಲ. ಕೆಲವು ದೋಣಿಗಳಿಗೆ ನಿಜವಾಗಿಯೂ ಇದೇ ಒಳ್ಳೆಯದು, ಮುಖ್ಯವಾಗಿ ಮೇಲ್ಮುಚ್ಚಳ ಬಿಚ್ಚಲಾಗದ ದೋಣಿಗಳಿಗೆ. ಷರತ್ತು ಎರಡು. ಎರಡೂ ಚಿಪ್ಪು ಬಿರುಕಿಲ್ಲದೆ ಗಟ್ಟಿಯಿರಬೇಕು. ಮರ ಪೂರ್ತಿ ಹೊರಬರಬೇಕು. ಈ ಎರಡನೆಯದೇ ಕಷ್ಟ. ನಡುವಿನದ್ದು ಅರ್ಧ ದಿನದಲ್ಲಿ ಬರುತ್ತದೆ. ತಳದ ಎರಡು ಮೂಲೆಗೆ ಚೈನ್‌ಸಾ ತಲುಪೋದಿಲ್ಲ, ಕಬ್ಬಿಣದ ಸರಳಿಗೆ ಉಳಿ ಬೆಸೆದು ಕುಟ್ಟುತ್ತಾ ಕೂರಬೇಕು. ಒದ್ದೆ ಮರ ಒಂದು ಹಿಡಿ ಉಳಿದರೂ ಸುರಿದದ್ದು ಅಲ್ಲಿ ಚಿಪ್ಪಿಗೆ ಹಿಡಿಯೋದಿಲ್ಲ. ಕಣ್ಣಿಗೆ ಕಾಣದ ಜಾಗವನ್ನು ನಂಬಿ ಬಿಡೋಕೆ ನನಗೆ ಧೈರ್ಯ ಬರಲಿಲ್ಲ.

ಯಾವ ದಾರಿಯಾದರೂ ಸರಿ, ಎಂಜಿನ್ ಇಳಿಸಿ, ಟ್ರಾನ್ಸಮ್‌ನ ಕೆಳಗೇ ಆಧಾರ ಕೊಟ್ಟು, ದೋಣಿಯನ್ನು ಮಟ್ಟವಾಗಿ ನಿಲ್ಲಿಸಿ. ಹಿಂಗೋಡೆ ತೆಗೆದ ದೋಣಿ ರಟ್ಟಿನ ಡಬ್ಬಿಯ ಥರ. ಪಕ್ಕಗಳು ಅಗಲಿದರೆ ಅಥವಾ ತಳ ಜೋತರೆ ಹೊಸ ತಿರುಳು ಅದೇ ಸೊಟ್ಟಕ್ಕೆ ಗಟ್ಟಿಯಾಗಿ ಕೂತುಬಿಡುತ್ತದೆ. ಪಕ್ಕದಿಂದ ಪಕ್ಕಕ್ಕೆ ಒಂದು ಅಡ್ಡಪಟ್ಟಿ ಬಿಗಿದಿಡಿ. ಬಿಚ್ಚುವ ಮೊದಲೇ ಮೂರು ಅಳತೆ ಬರೆದಿಟ್ಟುಕೊಳ್ಳಿ. ಎತ್ತರ: ಗಿಡ್ಡ ಕಾಲಿನ ಎಂಜಿನ್‌ಗೆ 15 ಇಂಚು, ಉದ್ದ ಕಾಲಿನದಕ್ಕೆ 20. ಇಳಿಜಾರು: ಸಾಮಾನ್ಯವಾಗಿ 12ರಿಂದ 14 ಡಿಗ್ರಿ, ರಟ್ಟಿನಲ್ಲಿ ಪಡಿಯಚ್ಚು ತೆಗೆಯಿರಿ. ಒಟ್ಟು ದಪ್ಪ: ಇನ್ನೂ ಗಟ್ಟಿಯಿರಲಿ ಅಂತ ದಪ್ಪ ಜಾಸ್ತಿ ಮಾಡಿದರೆ ಎಂಜಿನ್‌ನ ಹಿಡಿಕೆ ಬಾಯಿ ಸಾಲದೆ ಹೋಗಬಹುದು.

ತಿರುಳಿಗೆ ಏನು

ಈಗ ಆ ಎರಡನೇ ಪ್ರಶ್ನೆಗೆ ಬರೋಣ. ಮರೀನ್ ಪ್ಲೈ, ಅಂದರೆ ದೋಣಿಗೆಂದೇ ಮಾಡಿದ ಪ್ಲೈವುಡ್, ಹೆದರುವಂಥದ್ದಲ್ಲ. ಅದರಲ್ಲಿ ತೇವ ಶೇಕಡಾ 20ಕ್ಕಿಂತ ಕಡಿಮೆ ಇರುವವರೆಗೆ ಕೊಳೆಸುವ ಶಿಲೀಂಧ್ರ ಬೆಳೆಯೋದಿಲ್ಲ. ಹಳೆಯ ದೋಣಿಗಳ ಪ್ಲೈ ಕೊಳೆತದ್ದು ಅಂಚು ಮುಚ್ಚದೆ ಬಿಟ್ಟಿದ್ದರಿಂದ, ಆಮೇಲೆ ಯಾರೋ ಸಿಲಿಕೋನ್ ಕೂಡ ಹಾಕದೆ ಸ್ಕ್ರೂ ಹೊಡೆದಿದ್ದರಿಂದ. ಪ್ಲೈ ಬಿರುಸು, ಬೋಲ್ಟ್ ಬಿಗಿದರೆ ಕುಗ್ಗೋದಿಲ್ಲ, ಮನೆಯ ಗರಗಸದಲ್ಲೇ ಕತ್ತರಿಸಬಹುದು, ಪ್ಲೈ, ಕಾಂಪೋಸಿಟ್ ಬೋರ್ಡ್, ಸುರಿಯುವ ದ್ರವ ಈ ಮೂರರಲ್ಲಿ ಅಗ್ಗವೂ ಹೌದು. ಮುಕ್ಕಾಲು ಇಂಚಿನ ಎರಡು ಹಲಗೆ ಅಂಟಿಸಿದರೆ ಒಂದೂವರೆ ಇಂಚು.

ಹಲಗೆ ಕೊಳ್ಳುವಾಗ ಬಿಎಸ್ 1088 ಅನ್ನುವ ಬ್ರಿಟಿಷ್ ಗುಣಮಟ್ಟದ ಗುರುತು ನೋಡಿ. ನೀರಿಗೆ ಜಗ್ಗದ ಅಂಟು, ಒಳಪದರಗಳಲ್ಲಿ ಸಂದು ಇರಬಾರದು ಅನ್ನುವ ನಿಯಮ ಅದರಲ್ಲಿದೆ. ಗುರುತು ನೋಡಿದ ಮೇಲೂ ಅಂಚು ನೋಡಿ. ನನಗೆ ಮರೀನ್ ಅಂತಲೇ ಹೇಳಿ ಕೊಟ್ಟ ಮೊದಲ ಹಲಗೆಯನ್ನು ಕೊಯ್ದಾಗ ನಡುಪದರದಲ್ಲಿ ಪೆನ್ಸಿಲ್ ತೂರುವಷ್ಟು ಸಂದು ಸಿಕ್ಕಿತು. ಅದರೊಳಗೆ ನೀರು ಸೇರಿದರೆ ಈ ತುದಿಯಿಂದ ಆ ತುದಿಗೆ ಕಾಲುವೆ ಆಯಿತು ಅಲ್ವಾ? ಅದು ಈಗ ನನ್ನ ಕೆಲಸದ ಮೇಜು. ಒಂದು ಸಣ್ಣ ತುಂಡನ್ನು ಒಂದೆರಡು ಗಂಟೆ ನೀರಲ್ಲಿ ಕುದಿಸಿ ನೋಡುವುದೂ ಒಳ್ಳೆಯದೇ, ಕೆಟ್ಟ ಅಂಟಾದರೆ ಪದರ ಬಿಟ್ಟುಕೊಳ್ಳುತ್ತದೆ. ರಾಸಾಯನಿಕ ತುಂಬಿಸಿದ ಪ್ಲೈ ಕೊಳೆಯಲ್ಲ ಅಂತ ಅದರ ಕಡೆ ಹೋಗಬೇಡಿ. ಅದು ಸಾಮಾನ್ಯವಾಗಿ ಅಂಗಡಿಯಲ್ಲೇ ಒದ್ದೆಯಿರುತ್ತದೆ, ಒಣಗುತ್ತಾ ತಿರುಚಿಕೊಳ್ಳುತ್ತದೆ.

ಕಾಂಪೋಸಿಟ್ ಬೋರ್ಡ್ ಅಂದರೆ ಗಟ್ಟಿ ಪಾಲಿಯುರೇಥೇನ್ ಫೋಮ್, ಒಳಗೆ ಗಾಜಿನ ನಾರಿನ ಪದರಗಳು. ಕೂಸಾ ಬ್ಲೂವಾಟರ್ 26 ಅನ್ನೋದು ಟ್ರಾನ್ಸಮ್‌ಗೆ ಜಾಸ್ತಿ ಬಳಕೆಯಲ್ಲಿರುವ ಹೆಸರು. ಆ 26 ಅದರ ಸಾಂದ್ರತೆ, ಘನ ಅಡಿಗೆ 26 ಪೌಂಡ್, ನಮ್ಮ ಲೆಕ್ಕದಲ್ಲಿ ಘನ ಮೀಟರಿಗೆ ಸುಮಾರು 416 ಕಿಲೋ. ಕೊಳೆಯೋದಿಲ್ಲ ಅನ್ನುವ ಮಾತು ನಿಜ. ಹಗುರ ಅನ್ನುವ ಮಾತು ಯಾವ ಪ್ಲೈಗೆ ಹೋಲಿಸುತ್ತೀರಿ ಅನ್ನುವುದರ ಮೇಲಿದೆ. ಮೆರಾಂಟಿಯಂಥ ಭಾರದ ಪ್ಲೈಗಿಂತ ಬಹಳ ಹಗುರ. ಒಕುಮೆ ಪ್ಲೈ ತಾನೇ ಹಗುರ, ಅದಕ್ಕೆ ಹೋಲಿಸಿದರೆ ವ್ಯತ್ಯಾಸ ಅಷ್ಟೇನಿಲ್ಲ. 14 ಅಡಿ ದೋಣಿಯ ಟ್ರಾನ್ಸಮ್‌ನಲ್ಲಂತೂ ಗೊತ್ತೇ ಆಗೋದಿಲ್ಲ.

ಈ ಬೋರ್ಡ್ ತಾನಾಗಿ ಪ್ಲೈನಷ್ಟು ಬಿರುಸಲ್ಲ. ಬಲ ಬರೋದು ಎರಡೂ ಕಡೆಯ ಫೈಬರ್ ಚಿಪ್ಪಿನಿಂದ. ಹಾಗಾಗಿ ಪ್ಲೈಗೆ ಹಾಕುವುದಕ್ಕಿಂತ ಒಂದೆರಡು ಪದರ ಬಟ್ಟೆ ಹೆಚ್ಚು ಬೇಕು. ಎಂಜಿನ್ ಬೋಲ್ಟ್ ಹಿಂದೆ ಸಣ್ಣ ವಾಷರ್ ಹಾಕಿ ಬಿಗಿದರೆ ಒತ್ತಡಕ್ಕೆ ಕುಸಿಯಬಹುದು, ಅಗಲವಾದ ಪ್ಲೇಟ್ ಕೊಡಿ. ಮರದಲ್ಲಿ ಹಿಡಿದಂತೆ ಸ್ಕ್ರೂ ಇದರಲ್ಲಿ ಹಿಡಿಯೋದಿಲ್ಲ. ಬೆಲೆ ಪ್ಲೈಗಿಂತ ಎಷ್ಟೋ ಜಾಸ್ತಿ. ದೋಣಿ ವರ್ಷವಿಡೀ ನೀರಲ್ಲೇ ನಿಂತಿರುತ್ತದೆ, ಇನ್ನೂ 20 ವರ್ಷ ಇಟ್ಟುಕೊಳ್ಳುತ್ತೀರಿ ಅಂದರೆ ಕೊಡಬಹುದಾದ ಬೆಲೆಯೇ.

ಸುರಿಯುವ ತಿರುಳಿನಲ್ಲಿ ಸೀಕಾಸ್ಟ್, ಆರ್ಜೇ 6011 ಅನ್ನುವ ಹೆಸರುಗಳು ಕೇಳಿಬರುತ್ತವೆ. ರೆಸಿನ್‌ಗೆ (ಫೈಬರ್ ಕೆಲಸದಲ್ಲಿ ನಾರನ್ನು ಹಿಡಿದು ಗಟ್ಟಿಯಾಗುವ ದ್ರವಕ್ಕೆ) ನಾರು ಅಥವಾ ಸೆರಾಮಿಕ್ ಪುಡಿ ಬೆರೆಸಿದ್ದು. ಮೇಲಿನಿಂದ ಹೋದವರಿಗೆ ಬೇರೆ ಆಯ್ಕೆಯಿಲ್ಲ, ಬೇರೆ ದಾರಿಯವರಿಗೆ ಇದರ ಅಗತ್ಯವಿಲ್ಲ. ಸುರಿಯುವ ಮೊದಲು ಎಲ್ಲ ತೂತು ಮುಚ್ಚಿ, ಎರಡೂ ಚಿಪ್ಪಿಗೆ ಹೊರಗಿನಿಂದ ಹಲಗೆ ಕೊಟ್ಟು ಬಿಗಿಯಬೇಕು, ಇಲ್ಲದಿದ್ದರೆ ಹೊಟ್ಟೆ ಉಬ್ಬಿದಂತೆ ಉಬ್ಬಿ ಹಾಗೇ ಗಟ್ಟಿಯಾಗುತ್ತದೆ. ನಡುವೆ ನಿಲ್ಲಿಸುವಂತಿಲ್ಲ, ಗಟ್ಟಿಯಾಗುವಾಗ ಚೆನ್ನಾಗಿ ಬಿಸಿಯಾಗುತ್ತದೆ. ಹಾಗಾಗಿ ಡಬ್ಬಿಯೆಲ್ಲ ಪಕ್ಕದಲ್ಲಿರಬೇಕು, ಜೊತೆಗೊಬ್ಬರು ಇರಬೇಕು.

ಎಪಾಕ್ಸಿಯೋ ಪಾಲಿಯೆಸ್ಟರೋ

ದೋಣಿಯನ್ನು ಮೊದಲು ಮಾಡಿದ್ದು ಪಾಲಿಯೆಸ್ಟರ್ ರೆಸಿನ್‌ನಲ್ಲೇ, ಈಗಲೂ ಅದೇ ಸಾಕಲ್ಲ ಅನ್ನುವವರಿದ್ದಾರೆ. ಅರ್ಧ ಸರಿ. ಕಾರ್ಖಾನೆಯಲ್ಲಿ ಒಂದು ಪದರ ಹಸಿಯಿರುವಾಗಲೇ ಇನ್ನೊಂದು ಬೀಳುತ್ತದೆ, ಎರಡೂ ಒಂದೇ ಆಗಿಬಿಡುತ್ತವೆ. ನಿಮ್ಮ ದೋಣಿಯ ಫೈಬರ್ ಎಂದೋ ಗಟ್ಟಿಯಾಗಿದೆ, ಅದರ ಮೇಲೆ ಹೊಸ ರೆಸಿನ್ ಅಂಟಿನಂತೆ ಮಾತ್ರ ಕೂರುತ್ತದೆ. ಅಂಟಿನ ಕೆಲಸದಲ್ಲಿ ಎಪಾಕ್ಸಿಯನ್ನು ಪಾಲಿಯೆಸ್ಟರ್ ಮೀರಿಸೋದಿಲ್ಲ, ಮರದ ಮೇಲಂತೂ ಇಲ್ಲವೇ ಇಲ್ಲ. ವಿನೈಲ್ ಎಸ್ಟರ್ ಎರಡರ ನಡುವಿನದು. ನನ್ನ ಅಭಿಪ್ರಾಯ ಇಷ್ಟೇ: ಸಣ್ಣ ದೋಣಿಗೆ ಬೇಕಾಗುವ ರೆಸಿನ್ ಕಡಿಮೆ, ಉಳಿತಾಯವೂ ಕಡಿಮೆ. ಎಪಾಕ್ಸಿ ಹಾಕಿ.

ಆದರೆ ಅದರ ಚಾಳಿ ತಿಳಿದಿರಲಿ. ಪಾಲಿಯೆಸ್ಟರ್‌ಗೆ ಗಟ್ಟಿಯಾಗಲೆಂದು ಹಾಕುವ ಕ್ಯಾಟಲಿಸ್ಟನ್ನು ಶೇಕಡಾ 1ರಿಂದ 2ರ ನಡುವೆ ಹವೆ ನೋಡಿ ಹೆಚ್ಚು ಕಡಿಮೆ ಮಾಡಬಹುದು. ಎಪಾಕ್ಸಿಯಲ್ಲಿ ಹಾಗಿಲ್ಲ. ಡಬ್ಬಿಯ ಮೇಲೆ ಬರೆದ ಅಳತೆ ಅಂದರೆ ಅದೇ ಅಳತೆ, ಬೇಗ ಗಟ್ಟಿಯಾಗಲಿ ಅಂತ ಹಾರ್ಡ್‌ನರ್ ಜಾಸ್ತಿ ಹಾಕಿದರೆ ಎಂದೂ ಸರಿಯಾಗಿ ಗಟ್ಟಿಯಾಗೋದಿಲ್ಲ. ಕಲಸಿದ್ದನ್ನು ಆಳದ ಡಬ್ಬದಲ್ಲಿ ಬಿಟ್ಟರೆ ಕಾದು ಹೊಗೆ ಬರುತ್ತದೆ, ಅಗಲವಾದ ತಟ್ಟೆಗೆ ಸುರಿದುಕೊಳ್ಳಿ. ಒಣಗಿದ ಮೇಲೆ ಕೆಲವು ಎಪಾಕ್ಸಿಗಳ ಮೇಲೆ ಮೇಣದಂಥ ಪೊರೆ ಬರುತ್ತದೆ. ಅದನ್ನು ನೀರು ಹಾಕಿ ತಿಕ್ಕಿ ತೊಳೆಯದೆ ಮುಂದಿನ ಪದರ ಹಾಕಬೇಡಿ. ಎಪಾಕ್ಸಿಯನ್ನು ಪಾಲಿಯೆಸ್ಟರ್ ಮೇಲೆ ಹಾಕಬಹುದು, ತಿರುಗಿಸಿ ಹಾಕಿದರೆ ಹಿಡಿತ ಕಡಿಮೆ. ಹೊರಗಿನಿಂದ ದುರಸ್ತಿ ಮಾಡಿ ಕೊನೆಗೆ ಕಾರ್ಖಾನೆಯ ಹೊಳಪಿನ ಹೊರಪದರವಾದ ಜೆಲ್‌ಕೋಟ್ ಹೊಡೆಯಬೇಕೆಂದಿರುವವರು ಪಾಲಿಯೆಸ್ಟರ್ ಕಡೆ ವಾಲುವುದು ಇದಕ್ಕೇ. ನಾನಾದರೆ ಜೆಲ್‌ಕೋಟ್ ಬಿಟ್ಟು ಬಣ್ಣ ಹೊಡೆಯುತ್ತೇನೆ.

ಬಟ್ಟೆಯೂ ರೆಸಿನ್ ಜೊತೆ ಬದಲಾಗುತ್ತದೆ. ಕತ್ತರಿಸಿದ ನಾರಿನ ಸಾದಾ ಮ್ಯಾಟನ್ನು ಹಿಡಿದಿಟ್ಟಿರುವ ಅಂಟು ಪಾಲಿಯೆಸ್ಟರ್‌ನಲ್ಲಿರುವ ಸ್ಟೈರೀನ್‌ಗೆ ಕರಗುತ್ತದೆ, ಎಪಾಕ್ಸಿಗೆ ಕರಗೋದಿಲ್ಲ. ಎಪಾಕ್ಸಿಗೆ ನಾರುಗಳು ಎರಡು ದಿಕ್ಕಿಗೆ ಓಡುವ, ಹೊಲಿದ ಬೈಯಾಕ್ಸಿಯಲ್ ಬಟ್ಟೆ ಕೊಳ್ಳಿ. ಅದರಲ್ಲಿ 1708 ಅನ್ನುವ ಬಗೆಯದರ ಬೆನ್ನಿಗೆ ಮ್ಯಾಟ್ ಇದೆ, ಅದು ಹೊಲಿದ ಮ್ಯಾಟ್, ಹಾಗಾಗಿ ನಡೆಯುತ್ತದೆ, ಆದರೆ ರೆಸಿನ್ ಜಾಸ್ತಿ ಕುಡಿಯುತ್ತದೆ. ಎಪಾಕ್ಸಿಯ ಜೊತೆ ಮ್ಯಾಟ್ ಇಲ್ಲದ 1700 ಸಾಕು.

ಎಂಥ ಸಾಮಾನು ತಂದರೂ ಕೂರಿಸುವ ಗಳಿಗೆಯಲ್ಲಿ ತಪ್ಪಿದರೆ ಹೋಯಿತು. ಎಪಾಕ್ಸಿಗೆ ಸಿಲಿಕಾ ಪುಡಿ ಬೆರೆಸಿ ಗಾರೆಯ ಹದಕ್ಕೆ ತನ್ನಿ. ಹಲ್ಲಿನ ಕರಣೆಯಿಂದ ಚಿಪ್ಪಿನ ಮೇಲೂ ಹಲಗೆಯ ಮೇಲೂ ಎಳೆಯಿರಿ. ಹಲಗೆಯಲ್ಲಿ ಮೊದಲೇ ಅಲ್ಲಲ್ಲಿ ಸಣ್ಣ ತೂತು ಕೊರೆದಿರಿ, ಗಾಳಿ ಅಲ್ಲಿಂದ ಹೋಗುತ್ತದೆ. ಹೊರಗೊಂದು ನೇರವಾದ ದಪ್ಪ ಪಟ್ಟಿ, ಒಳಗೊಂದು, ಎಂಜಿನ್ ಬೋಲ್ಟ್‌ನ ಹಳೆಯ ತೂತುಗಳಲ್ಲೇ ಬೋಲ್ಟ್ ತೂರಿಸಿ ಬಿಗಿಯಿರಿ. ಪಟ್ಟಿಗೆ ಪ್ಲಾಸ್ಟಿಕ್ ಸುತ್ತೋದು ಮರೆತರೆ ಅದೂ ದೋಣಿಯ ಭಾಗವಾಗಿಬಿಡುತ್ತದೆ. ತೀರಾ ಗಟ್ಟಿ ಬಿಗಿಯಬೇಡಿ, ಅಂಟೆಲ್ಲ ಹಿಂಡಿಹೋಗುತ್ತದೆ. ಗಾಳಿತೂತುಗಳಲ್ಲೂ ಅಂಚಿನಲ್ಲೂ ಒಂದೇ ಸಮ ಅಂಟು ಇಣುಕಿದರೆ ನಿಲ್ಲಿಸಿ. ಅದು ಇಣುಕುವುದನ್ನು ನೋಡುತ್ತಾ ನಿಂತ ಆ ಐದು ನಿಮಿಷ ಇಡೀ ಕೆಲಸದಲ್ಲಿ ನನಗೆ ಸಿಕ್ಕ ಏಕೈಕ ಸುಖ.

ನಿಮ್ಮ ದೋಣಿಗೆ ಯಾವುದು

ಒಳ ಚಿಪ್ಪು ಬಿರುಕು ಬಿಟ್ಟಿದೆ, ತೊಲೆಯ ಮೇಲೂ ಅನುಮಾನ ಇದೆ ಅಂದರೆ ಒಳಗಿನಿಂದ, ಪ್ಲೈ, ಎಪಾಕ್ಸಿ. ಒಳಗೆಲ್ಲ ಚೆನ್ನಾಗಿದೆ, ಮೇಲ್ಮುಚ್ಚಳ ಬಿಚ್ಚಿದರೆ ಅರ್ಧ ದೋಣಿ ಬಿಚ್ಚಿದಂತೆ, ಹೊರಗಿನ ಬಣ್ಣ ಹೇಗೂ ಹೋಗಿದೆ ಅಂದರೆ ಹೊರಗಿನಿಂದ. ಎರಡು ಚಿಪ್ಪೂ ಬಂಡೆಯಂತಿದ್ದು ಮೂಲೆ ಕೆರೆಯುವ ತಾಳ್ಮೆ ಇದ್ದರೆ ಸುರಿಯಿರಿ. ಹಳೆಯ ಟೂ ಸ್ಟ್ರೋಕ್ ತೆಗೆದು ಫೋರ್ ಸ್ಟ್ರೋಕ್ ಕೂರಿಸುವ ಯೋಚನೆಯಿದ್ದರೆ ಅದನ್ನು ಈಗಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಅದೇ ಶಕ್ತಿಯ ಫೋರ್ ಸ್ಟ್ರೋಕ್ ಸಾಮಾನ್ಯವಾಗಿ ಜಾಸ್ತಿ ತೂಗುತ್ತದೆ, ಒಂದು ಪದರ ಬಟ್ಟೆ ಹೆಚ್ಚಿಗೆ ಹಾಕೋಕೆ ಇದೇ ಸಮಯ.

ಕೊನೆಗೆ ತೂತು. ಬೋಲ್ಟ್‌ಗೆ ಬೇಕಾದ್ದಕ್ಕಿಂತ ದೊಡ್ಡ ತೂತು ಕೊರೆದು, ಅದನ್ನು ಗಟ್ಟಿ ಎಪಾಕ್ಸಿಯಿಂದ ತುಂಬಿ, ಅದು ಕಲ್ಲಾದ ಮೇಲೆ ನಡುವೆ ಸರಿಯಾದ ಅಳತೆಗೆ ಮತ್ತೆ ಕೊರೆಯಿರಿ. ಆಗ ನೀರು ಬಂದರೂ ಎಪಾಕ್ಸಿ ಉಂಗುರಕ್ಕೆ ತಾಗುತ್ತದೆ, ಮರಕ್ಕೆ ತಾಗೋದಿಲ್ಲ. ನೀರು ಬಿಡುವ ಬಿರಡೆಗೂ ಹೀಗೇ ಮಾಡಿ, ಮೊದಲು ಕೊಳೆಯೋದು ಅಲ್ಲೇ. ಬೋಲ್ಟ್ ಸುತ್ತ ಪಾಲಿಯುರೇಥೇನ್ ಸೀಲಂಟ್ ಹಾಕುವಾಗ ಮುಂದೆ ಬಿಚ್ಚಲು ಬರುವ ಬಗೆಯದನ್ನು ಕೊಳ್ಳಿ. 3ಎಂ ಕಂಪನಿಯ 5200 ಸೀಲಂಟ್ ಹಾಕಿದರೆ ಬೋಲ್ಟ್ ಬಿಚ್ಚುವ ದಿನ ಅಳು ಬರುತ್ತದೆ, 4200 ವಾಸಿ.

ನನ್ನ ಸೆನ್ಸರ್ ಈಗ ಒಂದು ಪ್ಲಾಸ್ಟಿಕ್ ತುಂಡಿನ ಮೇಲಿದೆ. ಆ ತುಂಡನ್ನು ಟ್ರಾನ್ಸಮ್‌ಗೆ ಅಂಟಿಸಿದ್ದೇನೆ. ಸೆನ್ಸರಿನ ಎರಡು ಸ್ಕ್ರೂ ಪ್ಲಾಸ್ಟಿಕ್ಕಿನೊಳಗೇ ಮುಗಿಯುತ್ತವೆ.